ಬೆಕ್ಕಿನ ಪಾಲಿನ ರೊಟ್ಟಿ

ಜೋಳದ ಹಿಟ್ಟನ್ನು ಎಷ್ಟೇ ಅಂದಾಜು ಹಿಡಿದು ನಾದಿದರೂ ಕೊನೆಯಲ್ಲಿ ಪರಾತದ ಅಂಚಿಗೆ ಒಂದಿಷ್ಟು ಅಂಟಿಕೊಂಡು ಉಳಿಯುತ್ತದೆ. ಒಂದು ರೊಟ್ಟಿಗೆ ಸಾಲದ, ತೊಳೆದು ಚೆಲ್ಲಲು ಮನಸ್ಸೂ ಬಾರದ ಆ ಉಳಿಕೆಯನ್ನು ಬೆರಳಿನಿಂದ ಕೆರೆದು, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಬಡಿದರೆ ಅಂಗೈಯಗಲದ ಒಂದು ರೊಟ್ಟಿಯಾಗುತ್ತದೆ. ನಮ್ಮ ಬೈಲಹೊಂಗಲದ ಮನೆಯಲ್ಲಿ ಅದು ಬೆಕ್ಕಿನ ಪಾಲು. ಮೊದಲಿನದು ಆಕಳಿಗೆ, ಕೊನೆಯದು ಬೆಕ್ಕಿಗೆ, ನಡುವಿನವೆಲ್ಲ ಮನುಷ್ಯರಿಗೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು ಎಂದು ಬರೆಯಹೊರಟವಳು ಇಲ್ಲಿ ಕೊಂಚ ತಡೆಯುತ್ತೇನೆ. ಅವರು ಹಾಗೆ ಹೇಳಿದ್ದನ್ನು ನಾನು ನಿಜವಾಗಿ ಕೇಳಿದ್ದೆನೋ, ಅಥವಾ ಅವರು ಮಾತಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ನಾನೇ ಆಮೇಲೆ ಮಾತು ಹೊಲಿದು ತೊಡಿಸಿದ್ದೆನೋ, ಖಾತ್ರಿಯಿಲ್ಲ.

ಈ ಅನುಮಾನ ನನಗೆ ಧಾರವಾಡದಲ್ಲಿ ಇತಿಹಾಸ ಓದುವಾಗ ಹತ್ತಿಕೊಂಡ ಜಡ್ಡು. ಸಾಕ್ಷಿಗಳಲ್ಲೆಲ್ಲ ತುಂಬು ಧೈರ್ಯದಿಂದ ಸುಳ್ಳು ಹೇಳುವುದು ನೆನಪೇ ಎಂಬುದನ್ನು ಅಲ್ಲಿ ಕಲಿತು ಬಂದೆ. ಬಂದವಳು ದಿನಚರಿ ಬರೆಯಲು ಶುರುಮಾಡಿದೆ. ದಿನಚರಿಯೂ ಸುಳ್ಳು ಹೇಳುತ್ತದೆ, ಆದರೆ ಅದು ಅದೇ ದಿನದ ತಾಜಾ ಸುಳ್ಳು, ಹಳಸಿದ್ದಲ್ಲ ಎಂಬುದಷ್ಟೇ ಸಮಾಧಾನ. ಹಾಗಾಗಿ ಈಗ ಹೇಳಹೊರಟಿರುವ ಬೆಕ್ಕಿನ ಸಂಗತಿಯನ್ನು ನೀವು ಅರ್ಧ ನಂಬಿ, ಅರ್ಧ ಬಿಡಬಹುದು. ಬೆಕ್ಕು ಮಾತ್ರ ಇದೆ, ಅದರಲ್ಲಿ ಸಂಶಯವಿಲ್ಲ. ಮುನವಳ್ಳಿಗೆ ಹೋದರೆ ನೀವೂ ನೋಡಬಹುದು.

ನಮ್ಮ ಮನೆಯ ಹಿಂದೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಳೆಯ ಆವರಣವಿದೆ. ಹಂಗಾಮು ಮುಗಿದ ಮೇಲೆ ಅಲ್ಲಿ ಗಂಡಸರ ಸುಳಿವಿರುವುದಿಲ್ಲ. ಆ ಬಿಡುವಿನಲ್ಲಿ ಊರಿನ ಬೆಕ್ಕುಗಳೆಲ್ಲ ಅದನ್ನು ಬಾಣಂತಿ ಕೋಣೆ ಮಾಡಿಕೊಳ್ಳುತ್ತವೆ. ಮರಿಗಳು ಕಣ್ಣು ಬಿಟ್ಟು, ಓಡಾಡಲು ಕಲಿಯುವ ಹೊತ್ತಿಗೆ ಮತ್ತೆ ಹತ್ತಿ ತುಂಬಿದ ಗಾಡಿಗಳು ಒಳಗೆ ನುಗ್ಗುತ್ತವೆ. ಗಾಲಿಗೆ ಸಿಕ್ಕಿದ ಒಂದು ಮರಿಯನ್ನು ಕಂಡ ದಿನ ನಾನು ಊಟ ಬಿಟ್ಟೆ ಎಂದು ನೆನಪು ಹೇಳುತ್ತದೆ. ಅವತ್ತು ಹುಗ್ಗಿ ಉಂಡೆ ಎಂದು ದಿನಚರಿ ಹೇಳುತ್ತದೆ. ಇರಲಿ. ಆ ದಿನದಿಂದ ಮರಿಗಳನ್ನು ಮನೆಗೆ ತರುವುದು, ದನದ ದವಾಖಾನೆಯಲ್ಲಿ ಜಂತಿನ ಔಷಧ ಹಾಕಿಸುವುದು, ದೊಡ್ಡವಾದ ಹೆಣ್ಣುಗಳನ್ನು ಧಾರವಾಡಕ್ಕೆ ಒಯ್ದು ಆಪರೇಷನ್ ಮಾಡಿಸುವುದು, ಆಮೇಲೆ ಒಂದೊಂದಕ್ಕೂ ಒಂದೊಂದು ಮನೆ ಹುಡುಕುವುದು ನನ್ನ ಪಾಲಿಗೆ ಬಂತು. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು ಬೆಕ್ಕಿನ ಬುಟ್ಟಿ ಹೊತ್ತು ತಿರುಗುವುದು ಓಣಿಯವರಿಗೆ ಮೊದಮೊದಲು ಚೋದ್ಯವಾಗಿತ್ತು. ಈಗ ಯಾರ ಮಾಳಿಗೆಯ ಮೇಲೆ ಮರಿ ಕೂಗಿದರೂ ನನಗೇ ಕರೆ ಬರುತ್ತದೆ.

ನಿಮಗೂ ಗೊತ್ತು, ನಮ್ಮ ಕಡೆ ಬೆಕ್ಕು ಸಾಕುವ ಪ್ರಾಣಿಯಲ್ಲ, ಇರುವ ಪ್ರಾಣಿ. ಎಮ್ಮೆಯನ್ನು ಸಾಕುತ್ತೇವೆ, ನಾಯಿಯನ್ನು ಸಾಕಿದ್ದೇವೆ ಎಂದು ಹೇಳಿಕೊಳ್ಳುತ್ತೇವೆ. ಬೆಕ್ಕು ಮಾತ್ರ ಮಾಳಿಗೆಯಿಂದ ಇಳಿದು ಬಂದು ಉಂಡು ಹೋಗುವ ದೂರದ ನೆಂಟ. ಅಂಥದ್ದನ್ನು ಕೇಳಿ ಪಡೆಯುವವರನ್ನು ಹುಡುಕುವುದು ಸುಲಭವಲ್ಲ. ರಾಮದುರ್ಗದ ನೇಕಾರರ ಮನೆಯೊಂದರಲ್ಲಿ ಮರಿಯನ್ನು ಕಣ್ತುಂಬ ನೋಡಿ, ಮುದ್ದು ಮಾಡಿ, ಕೊನೆಗೆ ಮನೆಯ ಯಜಮಾನಿ ಕೈಮುಗಿದಳು: “ಮನಿತುಂಬ ನೂಲು ಹರವೇತ್ರಿ ಅಕ್ಕಾರ. ಇದನ್ನ ತಂದ್ರ ಸೀರಿ ಅದ ನೇಯತೈತಿ, ನಾವು ಗಂಟ ಬಿಡಿಸಿಕೋತ ಕುಂಡರಬೇಕು.” ಕಿತ್ತೂರಿನ ಚಹಾದಂಗಡಿಯವನು, ಬೆಕ್ಕು ಅಡ್ಡ ಹೋದರೆ ಅಪಶಕುನವಲ್ಲವೇ ಎಂದು ಅವನ ಗಿರಾಕಿಗಳು ಹೆದರಿಸಿದರೆ, ದಿನಕ್ಕೆ ಹತ್ತು ಸಲ ಅಡ್ಡ ಹೋಗುವ ಬೆಕ್ಕಿನಲ್ಲಿ ಯಾವ ಸಲದ್ದನ್ನು ಶಕುನವೆಂದು ಹಿಡಿಯಬೇಕೆಂದು ಅವರನ್ನೇ ಕೇಳಿ ಮರಿಯನ್ನು ಒಳಗೆ ಕರೆದುಕೊಂಡ. ಸವದತ್ತಿಯಲ್ಲೊಬ್ಬ ಗೃಹಿಣಿ, ಮಾಂಸ ಮುಟ್ಟದ ಮನೆಯವಳು, ಇದು ಏನು ತಿನ್ನುತ್ತದೆ ಎಂದು ವಿಚಾರಿಸಿದಳು. ಮನೆಯೊಳಗೆ ಹಾಲು ರೊಟ್ಟಿ, ಹೊರಗೆ ಏನು ತಿಂದು ಬರುತ್ತದೋ ನಾವು ಕೇಳುವುದಿಲ್ಲ ಎಂದೆ. “ಹಂಗಾರ ನಮ್ಮ ಮನಿಯವ್ರಂಗ ಆತ ಬಿಡ್ರಿ,” ಎಂದು ನಕ್ಕು ಒಪ್ಪಿದಳು.

ನಾನೂ ಸುಮ್ಮನೆ ಕೊಡುವವಳಲ್ಲ. ಮನೆ ನೋಡಬೇಕು, ಅಟ್ಟ ನೋಡಬೇಕು, ಓಣಿಯಲ್ಲಿ ನಾಯಿಗಳ ಸ್ವಭಾವ ತಿಳಿಯಬೇಕು. ನಮ್ಮ ಮನೆಯವರು ಬೈಕು ಹೊರಗೆ ತೆಗೆಯುವಾಗಲೆಲ್ಲ, “ಹೆಣ್ಣ ಕೊಡೂ ಮನಿ ನೋಡಾಕ ಹೊಂಟಂಗ ಹೊಂಟಿ. ನಿನ್ನ ಕೊಡೂವಾಗ ನಿಮ್ಮಪ್ಪ ಇಷ್ಟ ನೋಡಿರಲಿಲ್ಲ,” ಎಂದು ಚುಚ್ಚುತ್ತಾರೆ. ಅದಕ್ಕೇ ನಾನು ಇಷ್ಟು ನೋಡುತ್ತೇನೆ ಎಂಬುದು ನನ್ನ ಸಿದ್ಧ ಉತ್ತರ. ನನಗೆ ನಾನೇ ಹಾಕಿಕೊಂಡ ನಿಯಮವೂ ಒಂದಿತ್ತು: ಯಾವುದನ್ನೂ ಉಳಿಸಿಕೊಳ್ಳಬಾರದು. ಇಟ್ಟುಕೊಂಡವಳ ಮನೆ ಬೇಗ ತುಂಬುತ್ತದೆ. ತುಂಬಿದ ಮನೆಯವಳು ಮುಂದಿನ ಮರಿ ಕೂಗಿದಾಗ ಕಿಟಕಿ ಮುಚ್ಚುತ್ತಾಳೆ.

ಈ ನಿಯಮ ನನಗೆ ಕಠಿಣವೆನಿಸಿದ್ದು ಅರಳೆ ಎಂಬ ಬೆಕ್ಕಿನ ವಿಷಯದಲ್ಲಿ. ಅರಳೆ ಎಂದರೆ ಹಿಂಜಿದ ಹತ್ತಿ. ಆ ರಾಶಿಯೊಳಗಿಂದಲೇ ಅದು ಸಿಕ್ಕಿದ್ದು, ಬೂದಿ ಬಣ್ಣದ ಮೈಗೆಲ್ಲ ಬಿಳಿ ಎಳೆ ಮೆತ್ತಿಕೊಂಡು. ಹಿಂಗಾಲು ಮುರಿದಿತ್ತು. ಕಾಲು ಕೂಡುವ ತನಕ ಇರಲಿ ಎಂದದ್ದು ಬೇಸಗೆ ಕಳೆದು ಮಳೆಗಾಲವೂ ಮುಗಿಯುವ ತನಕ ಉಳಿಯಿತು. ಮಹಾ ಗತ್ತಿನ ಪ್ರಾಣಿ. ಹೆಸರಿಟ್ಟು ಕರೆದರೆ ಕಿವಿಯನ್ನು ಕೂಡ ಅಲುಗಿಸದು, ಹಾಲಿನ ಬಟ್ಟಲು ಕುಟ್ಟಿದರೆ ಮುಖ ತಿರುಗಿಸುವುದು, ದಿನವೆಲ್ಲ ಅಟ್ಟದ ಮೇಲೆ. ಆದರೆ ಮುಂಜಾನೆ ನಾನು ಕೊನೆಯ ಪುಟ್ಟ ರೊಟ್ಟಿಗೆ ಕೈ ಹಾಕುವ ಹೊತ್ತಿಗೆ ಬೆನ್ನ ಹಿಂದೆ, ಒಂದು ಗೇಣು ಆಚೆ, ಬಾಲ ಸುತ್ತಿಕೊಂಡು ಕುಳಿತಿರುತ್ತಿತ್ತು. ಬಂದದ್ದು ಎಂದೂ ಕೇಳಿಸಲಿಲ್ಲ. ಅದು ಯಾಕೆ ಆಗಲೇ ಬರುತ್ತದೆ ಎಂದು ನಾನೂ ಕೇಳಿಕೊಳ್ಳಲಿಲ್ಲ.

ಮುನವಳ್ಳಿಯ ನೀಲವ್ವ ಬೆಕ್ಕು ಬೇಕೆಂದು ಹೇಳಿಕಳಿಸಿದ್ದು ಆಗಲೇ. ಗಂಡ ಹೆಂಡತಿ ಕಾಳುಕಡಿಯ ಅಂಗಡಿ ನಡೆಸುತ್ತಾರೆ. ಅಂಗಡಿಯ ಹಿಂದೆಯೇ ಚಪ್ಪಟೆ ಮಣ್ಣಿನ ಮಾಳಿಗೆಯ ಮನೆ. ಚೀಲಚೀಲಕ್ಕೂ ಇಲಿಯ ಕಾಟ. ಹೋಗಿ ನೋಡಿದೆ. ನಾಯಿಯಿಲ್ಲ, ಎತ್ತರದ ಅಟ್ಟವಿದೆ, ಅಡುಗೆಮನೆಯ ನೆತ್ತಿಗೆ ಹಳೆಯ ಕಾಲದ ಬೆಳಕಿಂಡಿ, ಅದರಿಂದ ಒಂದು ಬಿಲ್ಲೆಯಷ್ಟು ಬಿಸಿಲು ಒಳಗೆ ಬೀಳುತ್ತದೆ. ನೀಲವ್ವನ ಮುಖವೂ ಒಪ್ಪಿತು. ಬೆಕ್ಕಿಗೆ ದಾರಿ ಕಾಣಬಾರದು, ಕಂಡರೆ ಹೊಳ್ಳಿ ಬರುತ್ತದೆ ಎಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು. ಅದರಂತೆ ಅರಳೆಯನ್ನು ರೊಟ್ಟಿಯ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೆಯ ಸೀರೆ ಬಿಗಿದೆವು. ನಮ್ಮ ಮನೆಯವರು ಬಸ್ ನಿಲ್ದಾಣದ ಸುತ್ತ ಸುಮ್ಮಸುಮ್ಮನೆ ಸುತ್ತು ಹಾಕಿ ಅದರ ದಿಕ್ಕು ತಪ್ಪಿಸಿದರು. ಮುರಗೋಡ ದಾಟುವಾಗ, ತಪ್ಪಿದ್ದು ತಮ್ಮದೇ ದಿಕ್ಕು ಎಂದು ನಕ್ಕರು. ಬೆಕ್ಕನ್ನು ಒಪ್ಪಿಸಿ ಹೊರಡುವಾಗ ನೀಲವ್ವ ನನ್ನ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. “ಹೆಣ್ಣ ಕೊಟ್ಟ ಹೊಂಟೀರಿ. ಬರಿ ಉಡೀಲೆ ಹ್ಯಾಂಗ ಕಳಸ್ಲಿ?” ಎಂದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ. ನಾನು ಅದಕ್ಕೆ ಎದುರಾಗಿ ಎಲ್ಲವನ್ನೂ ಹೇಳಿದೆ: ಹಾಲು ಬಿಸಿಯಿರಬಾರದು, ಕೆಲದಿನ ಕೋಣೆಯಲ್ಲಿ ಕೂಡಿಹಾಕಬೇಕು, ಹಿಂಗಾಲು ಹಿಡಿದು ಎತ್ತಬಾರದು. ಎಲ್ಲವನ್ನೂ ಹೇಳಿದೆ ಎಂದೇ ಅಂದುಕೊಂಡಿದ್ದೆ.

ಆ ವಾರದಲ್ಲಿ ನಾನು ಫೋನು ಮಾಡಿದಾಗ ನೀಲವ್ವ ಅರಾಮ ಐತ್ರಿ ಎಂದಳು. ಧ್ವನಿಯಲ್ಲಿ ಅರಾಮ ಇರಲಿಲ್ಲ. ಮತ್ತೆ ಮಾಡಿದಾಗ ಆಕೆ, “ನಿಮ್ಮ ಮಗಳನ್ನ ಕಳಕೊಂಡ ಕುಂತೀನ್ರಿ ಅಕ್ಕಾರ,” ಎಂದಳು. ಬಂದ ಮಾರನೆಯ ದಿನವೇ ಚೀಲ ಇಳಿಸುವ ಗದ್ದಲಕ್ಕೆ ಬೆದರಿ, ತೆರೆದ ಬಾಗಿಲಿನಿಂದ ಅರಳೆ ಮಾಳಿಗೆಯೇರಿ ಮಾಯವಾಗಿತ್ತು. ಹುಡುಕಲೆಂದು ನಿಚ್ಚಣಿಕೆ ಹತ್ತಿದ ನೀಲವ್ವ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ಕೈ ಮುರಿದದ್ದನ್ನು ನನಗೆ ಹೇಳಿದರೆ ಬೆಕ್ಕು ಹೋದದ್ದನ್ನೂ ಹೇಳಬೇಕಾಗುತ್ತದೆಂದು ಎರಡನ್ನೂ ನುಂಗಿಕೊಂಡಿದ್ದಳು.

ನನಗೆ ಆಗ ಏನೆನಿಸಿತು ಎಂಬುದನ್ನು ಚಂದ ಮಾಡಿ ಬರೆಯುವ ಆಸೆಯಾಗುತ್ತದೆ, ತಡೆಯುತ್ತೇನೆ. ಆ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಕೆಂದು ಮರಿ ಸವದತ್ತಿಗೆ ಹೊರಡಲು ತಯಾರಾಗಿತ್ತು, ಒಯ್ಯುವವರು ಬರುವವರಿದ್ದರು. ಅವರಿಗೆ ಸ್ವಲ್ಪ ತಡೆಯಿರಿ ಎಂದು ಹೇಳಿದೆ. ಅರಳೆ ಸಿಗದಿದ್ದರೆ ಇನ್ನು ಯಾರಿಗೂ ಕೊಡುವುದಿಲ್ಲ, ಜಿನ್ನಿನ ಗೋಡೆಯತ್ತ ಹೋಗುವುದೂ ಇಲ್ಲ ಎಂದು ಒಳಗೊಳಗೇ ಗಂಟು ಹಾಕಿಕೊಂಡೆ. ನಾಯಿ ಬೆನ್ನಟ್ಟಿದರೆ ಓಡಲಾರದ ಕುಂಟು ಬೆಕ್ಕನ್ನು, ಕಣ್ಣು ಮುಚ್ಚಿ ಒಯ್ದು, ಗೊತ್ತಿಲ್ಲದ ಊರಿನಲ್ಲಿ ಬಿಟ್ಟು ಬಂದಿದ್ದೆನಲ್ಲ. ಅದನ್ನು ಉಳಿಸುವುದು ಎಂದು ಕರೆದರೂ ಅಷ್ಟೇ, ಬಿಸಾಡುವುದು ಎಂದು ಕರೆದರೂ ಅಷ್ಟೇ; ಎರಡರ ನಡುವಿನ ವ್ಯತ್ಯಾಸವೆಲ್ಲ ಆ ಬೆಕ್ಕು ಜೀವಂತ ಇದೆಯೋ ಇಲ್ಲವೋ ಎಂಬುದರಲ್ಲೇ ಇತ್ತು.

ಇಬ್ಬರೂ ಮುನವಳ್ಳಿಗೆ ಹೋದೆವು. ಮುಂಜಾನೆಯೆಲ್ಲ ಓಣಿಯಿಂದ ಓಣಿಗೆ ಅಲೆದೆವು. ಒಬ್ಬರು ಬೂದಿ ಬಣ್ಣದ ಬೆಕ್ಕನ್ನು ಹೊಳೆಯ ಕಡೆ ನೋಡಿದ್ದರು. ಇನ್ನೊಬ್ಬರು ಅದೇ ಬೆಕ್ಕನ್ನು ಕರಿಯದೆಂದು ಆಣೆ ಮಾಡಿ ಹೇಳಿದರು. ಎಲ್ಲರೂ ನೋಡಿದ್ದರು, ಯಾರ ಬೆಕ್ಕೂ ನನ್ನ ಬೆಕ್ಕಾಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತವರೊಬ್ಬರು, ಪಾಪ, ಸಮಾಧಾನ ಮಾಡಲೆಂದೇ, ಈ ಹೊತ್ತಿಗೆ ನಾಯಿ ಹಿಡಿದಿರಬೇಕು, ಬಿಸಿಲಲ್ಲಿ ತಿರುಗಬೇಡಿರಿ ಎಂದರು. ಹೆಸರು ಹಿಡಿದು ಕೂಗಿದೆ, ಬಟ್ಟಲು ಕುಟ್ಟಿದೆ. ಅದು ಈ ಎರಡಕ್ಕೂ ಎಂದೂ ಓಗೊಟ್ಟದ್ದಲ್ಲ ಎಂಬುದು ಆಗ ನೆನಪಾಗಲಿಲ್ಲ ನೋಡಿ.

ನಡುಹಗಲಿಗೆ ಸೋತು ನೀಲವ್ವನ ಅಡುಗೆಮನೆಯಲ್ಲಿ ಕುಳಿತೆವು. ಕೈಗೆ ಪಟ್ಟಿ ಬಿದ್ದಾಗಿನಿಂದ ಆ ಮನೆಯಲ್ಲಿ ರೊಟ್ಟಿ ಬಡಿದಿರಲಿಲ್ಲ. ಬೀಗರ ಮನೆಯಿಂದ ಬಂದ ಒಣ ಕಟಕ ರೊಟ್ಟಿಯಲ್ಲೇ ದಿನ ದೂಡುತ್ತಿದ್ದರು. ಬಂದವರಿಗೆ ಅದನ್ನು ಹೇಗೆ ಬಡಿಸುವುದೆಂದು ನೀಲವ್ವ ಸಂಕೋಚದಿಂದ ಹಿಡಿಯಾಗಿಬಿಟ್ಟಳು. ನಾನು ಪರಾತ ಎಳೆದುಕೊಂಡು ಹಿಟ್ಟು ನಾದಿದೆ. ಹಸಿವೆಗಿಂತ ಹೆಚ್ಚಾಗಿ, ಆಕೆಯ ಮುಖ ನೋಡುವುದು ತಪ್ಪುತ್ತದೆಂದು ಇರಬೇಕು. ಹಂಚು ಕಾಯಿತು, ಒಂದೊಂದಾಗಿ ಬಡಿದೆ. ಅಂಗೈ ಬೀಳುವ ಸದ್ದು ಮಣ್ಣಿನ ಗೋಡೆಗಳಿಗೆ ತಾಗಿ ದಪ್ಪಗಾಗಿ ಮರಳುತ್ತಿತ್ತು. ನೀಲವ್ವ ಗೋಡೆಗೊರಗಿ, ಈ ಮನೆಯಲ್ಲಿ ಈ ಸದ್ದು ಕೇಳದೆ ಮನೆ ಮನೆಯಂತೆಯೇ ಇರಲಿಲ್ಲವೆಂದು ಏನೋ ಹೇಳುತ್ತಿದ್ದಳು.

ಕೊನೆಗೆ ರೂಢಿಯಂತೆ ಪರಾತವನ್ನು ಕೆರೆದು ಆ ಪುಟ್ಟ ಉಂಡೆಯನ್ನು ಮಾಡಿದೆ. ಬಡಿಯಲು ಹಿಡಿದಾಗ, ಬೆಳಕಿಂಡಿಯಿಂದ ನನ್ನ ಮುಂದೆ ನೆಲದ ಮೇಲೆ ಬಿದ್ದಿದ್ದ ಬಿಸಿಲಿನ ಬಿಲ್ಲೆ ಒಂದು ಕಡೆ ಕಚ್ಚಿದಂತಾಯಿತು. ಮೋಡವೆಂದುಕೊಂಡೆ. ಆ ಬಿಲ್ಲೆಗೆ ಎರಡು ಕಿವಿ ಮೂಡಿದವು.

“ಮ್ಯಾಲೆ ನೋಡಬ್ಯಾಡ್ರಿ,” ನೀಲವ್ವ ಉಸಿರಿನಲ್ಲೇ ಹೇಳಿದಳು. “ಕೈ ನಿಲ್ಲಸಬ್ಯಾಡ್ರಿ.”

ಕೈ ನಿಲ್ಲಿಸದಿರುವುದು ಸರಿ, ಬಡಿಯಲು ಹಿಟ್ಟೆಲ್ಲಿದೆ? ಅಂಗೈಯಗಲದ್ದು ಬಡಿದು ಬಡಿದು ತಟ್ಟೆಯಗಲವಾಯಿತು, ಎಲೆಯಷ್ಟು ತೆಳ್ಳಗಾಯಿತು, ನಡುವೆ ಹರಿಯಿತು. ಹರಿದದ್ದನ್ನು ಮಡಿಚಿ ಮತ್ತೆ ಬಡಿದೆ. ಬೆಳಕಿಂಡಿಯ ಬದಿಗಿದ್ದ ಅಟ್ಟದ ಮೇಲಿನ ಖಾಲಿ ಗೋಣಿಗಳು ಸರಿದಾಡಿದ ಸಪ್ಪಳ, ಆಮೇಲೆ ಚೀಲಗಳ ಒಟ್ಟಿನ ಮೇಲೆ ಏನೋ ಮೆತ್ತಗೆ ಇಳಿದ ಸಪ್ಪಳ. ಆಮೇಲೆ ಏನೂ ಇಲ್ಲ. ನಮ್ಮ ಮನೆಯವರು ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತವರು ನಿಂತೇ ಇದ್ದರು; ಅವರ ಕಣ್ಣು ನನ್ನ ಬೆನ್ನ ಹಿಂದೆ, ಒಂದು ಗೇಣು ಆಚೆ ನೆಟ್ಟಿತ್ತು. ನಾನು ತಿರುಗಲಿಲ್ಲ. ತಿರುಗುವ ಅಗತ್ಯವಿರಲಿಲ್ಲ.

ಅರಳೆ ಬಡವಾಗಿತ್ತು, ಮೈತುಂಬ ಜೇಡರಬಲೆ, ಆದರೆ ಗತ್ತು ಇಳಿದಿರಲಿಲ್ಲ. ಅಷ್ಟು ಬಡಿಸಿಕೊಂಡ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಟ್ಟರೆ ಮೊದಲು ಮೂಸಿ ನೋಡಿ, ಆಮೇಲೆ ಉಪಕಾರ ಮಾಡುವಂತೆ ತಿಂದಿತು. ನೀಲವ್ವ ಪಟ್ಟಿ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು ಅದನ್ನೇ ನೋಡುತ್ತಿದ್ದಳು. ನನ್ನೊಳಗೆ ಅಷ್ಟು ದಿನ ಬಿಗಿದಿದ್ದ ಗಂಟು ಬಿಚ್ಚಿಕೊಂಡ ರಭಸಕ್ಕೆ ನಾನು ನಕ್ಕೆನೋ ಅತ್ತೆನೋ, ಅದನ್ನು ನಮ್ಮ ಮನೆಯವರನ್ನೇ ಕೇಳಬೇಕು, ಅವರು ಹೇಳುವುದಿಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ. ಇಡೀ ಊರು ಹುಡುಕುವಾಗ ನಮ್ಮ ನೆತ್ತಿಯ ಮೇಲೆಯೇ ಎಲ್ಲೋ ಅವಿತುಕೊಂಡು, ತನಗೆ ಗೊತ್ತಿದ್ದ ಒಂದೇ ಒಂದು ಕರೆಗಾಗಿ ಕಾಯುತ್ತಿತ್ತು. ಆ ಕರೆಯನ್ನು ಕೊಡಬಲ್ಲ ಕೈ, ಅದನ್ನು ಹುಡುಕಲು ಹೋಗಿಯೇ ಮುರಿದಿತ್ತು.

ಈಗ ಯೋಚಿಸಿದರೆ ತಪ್ಪು ಎಷ್ಟು ಸರಳ ಎನಿಸುತ್ತದೆ. ಹಾಲಿನ ಬಿಸುಪನ್ನು ಹೇಳಿದವಳು ರೊಟ್ಟಿಯ ಸದ್ದನ್ನು ಹೇಳಲಿಲ್ಲ, ಏಕೆಂದರೆ ಅದು ಸದ್ದು ಎಂದೇ ನಮಗೆ ತೋರುವುದಿಲ್ಲ. ಮುಂಜಾನೆ ಪ್ರತಿ ಮನೆಯಿಂದ ಕೇಳುವುದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ದಾರಿ ಕಾಣದಂತೆ ಬೆಕ್ಕಿನ ಕಣ್ಣು ಮುಚ್ಚುವುದನ್ನು ನಮ್ಮ ಹಿರಿಯರು ಕಲಿಸಿದರು. ಅದರ ಕಿವಿಯಲ್ಲಿ ಏನಿದೆ ಎಂದು ವಿಚಾರಿಸುವುದು ಅವರಿಗೂ ಹೊಳೆದಿರಲಿಲ್ಲ.

ನಾನು ಬುಟ್ಟಿ ಕೈಗೆತ್ತಿಕೊಂಡೆ. ಹೊಳ್ಳಿ ಒಯ್ಯುವುದೇ ಸರಿ ಎಂದಿತು ಮನಸ್ಸು. ನೀಲವ್ವ ಬುಟ್ಟಿಯನ್ನು ನೋಡಿದಳು, ಬೆಕ್ಕನ್ನು ನೋಡಿದಳು. “ಒಯ್ಯತೇನಿ ಅಂದ್ರ ಬ್ಯಾಡ ಅನ್ನಾಕ ನನಗ ಬಾಯಿ ಇಲ್ರಿ ಅಕ್ಕಾರ. ಆದ್ರ ಈ ಕೈ ನೆಟ್ಟಗ ಆಗೂತನಕ ತಡೀರಿ. ನಾನೂ ಬಡೀತೇನಿ. ಆಮ್ಯಾಲೂ ಬರಲಿಲ್ಲಂದ್ರ ಒಯ್ಯೀರಂತ.”

ಬುಟ್ಟಿಯನ್ನು ಖಾಲಿ ಹಿಡಿದು ಬಂದೆ. ಕೈ ಕೂಡುವ ತನಕ ನೆರೆಮನೆಯವಳು ದಿನವೂ ಬಂದು ಅಲ್ಲಿ ರೊಟ್ಟಿ ಬಡಿದುಕೊಟ್ಟಳಂತೆ. ಬೆಕ್ಕು ಬಾಗಿಲ ತನಕ ಬಂದು, ಕೈ ಬೇರೆಯೆಂದು ನೋಡಿ, ಹೊರಳಿ ಹೋಗುತ್ತಿತ್ತಂತೆ, ಆದರೆ ಮಾಳಿಗೆ ಬಿಟ್ಟು ಹೋಗಲಿಲ್ಲವಂತೆ. ಇತ್ತ ಸವದತ್ತಿಯವರು ಬಂದರು, ಕೆಂದು ಮರಿಯನ್ನು ಒಯ್ದರು. ಅವರಿಗೆ ನಾನು ಹಾಲಿನ ಜೊತೆ ಸದ್ದನ್ನೂ ಹೇಳಿದೆ.

ಆ ನಡುಹಗಲು ರೊಟ್ಟಿ ಬಡಿದು ಬೆಕ್ಕನ್ನು ಕರೆಯುವ ಉಪಾಯ ಹೊಳೆದದ್ದು ನನಗೇ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಅದೇ ದಿನದ ತಾಜಾ ಸುಳ್ಳು. ಹಸಿವೆಯಾಗಿದೆ, ಏನಾದರೂ ಬಡಿಸು ಎಂದು ತಾವು ಹೇಳಿದ್ದರಿಂದಲೇ ಎಲ್ಲ ಆಯಿತೆಂಬುದು ನಮ್ಮ ಮನೆಯವರ ವಾದ. ನೀಲವ್ವನಂತೂ, ತನಗೆ ಮೊದಲೇ ಅನುಮಾನವಿತ್ತು, ಅದಕ್ಕೇ ಅಕ್ಕಾರನ್ನು ಒಲೆಯ ಮುಂದೆ ಕೂರಿಸಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಮೂರೂ ಕಥೆಗಳು ದಿನದಿಂದ ದಿನಕ್ಕೆ ಮೈ ತುಂಬಿಕೊಳ್ಳುತ್ತಿವೆ. ನಿಜ ಗೊತ್ತಿರುವ ಅರಳೆ ದಿನಚರಿ ಬರೆಯುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮುನವಳ್ಳಿಗೆ ಮತ್ತೆ ಹೋಗಿದ್ದೆ. ನೀಲವ್ವನ ಪಟ್ಟಿ ಬಿಚ್ಚಿತ್ತು. ಅರಳೆ ಕಾಳಿನ ಚೀಲದ ಮೇಲೆ ಉಬ್ಬಿಕೊಂಡು ಮಲಗಿತ್ತು. ಪರೀಕ್ಷೆ ಮಾಡುವ ಚಪಲ ನನ್ನದು. ಪರಾತ ತೆಗೆದುಕೊಂಡು ಎರಡು ರೊಟ್ಟಿ ಬಡಿದೆ. ಅದು ಒಂದು ಕಣ್ಣು ತೆರೆದು, ಯಾರೋ ಬಂದಿದ್ದಾರೆಂದು ನೋಡಿ, ಮತ್ತೆ ಮುಚ್ಚಿತು. ನೀಲವ್ವ ಬಂದು ಕುಳಿತು ಬಡಿದಳು. ಆಕೆಯ ಕೈ ನನ್ನದಕ್ಕಿಂತ ನಿಧಾನ, ನೋವು ಪೂರ್ತಿ ಹೋಗಿಲ್ಲವೇನೋ, ಎರಡು ಏಟಿಗೊಮ್ಮೆ ಒಂದು ಚೂರು ತಡೆಯುತ್ತದೆ. ಆ ತಡೆಯಿರುವ ಸದ್ದಿಗೆ ಅರಳೆ ಮೈಮುರಿದು ಎದ್ದು, ಕುಂಟುತ್ತ ಬಂದು, ಅವಳ ಬೆನ್ನ ಹಿಂದೆ ಒಂದು ಗೇಣು ಆಚೆ ಬಾಲ ಸುತ್ತಿಕೊಂಡು ಕುಳಿತಿತು.

“ನಿಮ್ಮನ್ನ ಮರತೈತ್ರಿ ಅಕ್ಕಾರ,” ಎಂದಳು ನೀಲವ್ವ, ಗೆದ್ದವಳ ನಗೆಯನ್ನು ಸಂಕೋಚದಲ್ಲಿ ಮುಚ್ಚಿ. “ಬ್ಯಾಸರ ಆಗಬ್ಯಾಡ್ರಿ.”

ಬೇಸರವೆಲ್ಲಿಯದು? ಮರೆವನ್ನು ಜೀವಮಾನವೆಲ್ಲ ಕಳ್ಳನಂತೆ ಕಂಡವಳು ನಾನು. ಅದು ಒಯ್ದುಬಿಡುತ್ತದೆಂದು ಹೆದರಿ ರಾತ್ರಿಗೊಂದು ಪುಟ ಬರೆದು ಬೀಗ ಹಾಕುವವಳು. ಆ ಬೆಕ್ಕು ನನ್ನ ಕೈಸದ್ದನ್ನು ಎಷ್ಟು ನಿರಾಳವಾಗಿ ಇಳಿಸಿ ಕುಳಿತಿತ್ತೆಂದರೆ, ನನ್ನ ಹೆಗಲ ಭಾರವೂ ಇಳಿಯಿತು. ನೆನಪಿಟ್ಟುಕೊಂಡಿದ್ದರೆ ಅದು ಇನ್ನೂ ಮಾಳಿಗೆಯ ಮೇಲೆಯೇ ಕಾಯುತ್ತಿರಬೇಕಿತ್ತು. ಮರೆತದ್ದಕ್ಕೇ ಮನೆಯಾಯಿತು. ಮರಳುವ ದಾರಿಯಲ್ಲಿ ಯರಗಟ್ಟಿಯ ಹೊರಗಿನ ಹೊಲಗಳಲ್ಲಿ ಜೋಳ ತೆನೆ ಕಟ್ಟಿ ನಿಂತಿತ್ತು. ಬೈಕಿನ ಹಿಂದೆ ಕುಳಿತು ನಾನು ಏನೋ ಗುನುಗುತ್ತಿದ್ದೆನೆಂದು ನಮ್ಮ ಮನೆಯವರು ಹೇಳುತ್ತಾರೆ. ಈ ಸಾಕ್ಷಿಯನ್ನು ನಾನು ಪ್ರಶ್ನಿಸಹೋಗಿಲ್ಲ.

ಈಗ ಮನೆಯಲ್ಲಿ ಮತ್ತೊಂದು ಮರಿಯಿದೆ, ಜಿನ್ನಿನದೇ, ಕರಿ ಮೈ, ಬಿಳಿ ಪಾದ. ಕಿತ್ತೂರಿನ ಕಡೆಯವರು ನೋಡಿ ಹೋಗಿದ್ದಾರೆ. ಇದಕ್ಕೆ ನನ್ನ ಸದ್ದು ಅಂಟದಿರಲಿ ಎಂದು ಕೆಲದಿನ ಕೊನೆಯ ರೊಟ್ಟಿಯನ್ನು ಮೆಲ್ಲಗೆ, ಬೆರಳತುದಿಯಲ್ಲಿ ಒತ್ತಿ ಹಿಗ್ಗಿಸಲು ನೋಡಿದೆ. ಜೋಳದ ಹಿಟ್ಟು ಅದಕ್ಕೆ ಒಪ್ಪುವುದಿಲ್ಲ. ಅಂಚು ಸೀಳುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ಇವತ್ತು ಮುಂಜಾನೆ ಆ ಹಟ ಬಿಟ್ಟೆ. ಪರಾತವನ್ನು ಕೆರೆದು, ಉಂಡೆ ಮಾಡಿ, ಹಿಟ್ಟು ಉದುರಿಸಿ, ಓಣಿಗೆಲ್ಲ ಕೇಳುವಂತೆ ಬಡಿದೆ. ಹಂಚಿಗೆ ಹಾಕಿದ್ದು ಪುಟ್ಟ ಹೊಟ್ಟೆಯಂತೆ ಉಬ್ಬಿತು. ಬೆನ್ನ ಹಿಂದೆ ಏನೂ ಕೇಳಿಸಲಿಲ್ಲ. ರೊಟ್ಟಿ ಮಗುಚಿ, ಆರಲೆಂದು ಎತ್ತಿಟ್ಟು, ತಿರುಗಿ ನೋಡದೆಯೇ ಹಾಲಿನ ಬಟ್ಟಲನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ.